ನಿಲ್ಲಿಸಿದ್ದ ಹೊಸ ಪಿಕಪ್‌ಗೆ ಕಾರು ಗುದ್ದಿದೆ, ಎಂಟು ಸಾವಿರ ತಗೊಳ್ಳೋದಾ?

ತೀರ್ಥಹಳ್ಳಿ ಕಡೆಯ ಹುಡುಗರೊಬ್ಬರು ಕೇಳಿದ್ದಾರೆ. ಸಾಲ ಮಾಡಿ ಪಿಕಪ್ ತಗೊಂಡು ಇನ್ನೂ ಇಪ್ಪತ್ತು ದಿನ. ಶಿವಮೊಗ್ಗದ ಅಡಿಕೆ ಮಂಡಿ ಹತ್ತಿರ ನಿಲ್ಲಿಸಿ ಟೀಗೆ ಹೋಗಿದ್ದಾಗ ಒಂದು ಕಾರು ರಿವರ್ಸ್ ಬಂದು ಹಿಂದಿನ ಎಡ ಮೂಲೆಗೆ ಗುದ್ದಿದೆ. ಕಾರಿನವರು 8 ಸಾವಿರ ಕೊಡ್ತೀವಿ, ಕಂಪ್ಲೇಂಟ್ ಬೇಡ ಅಂತಿದ್ದಾರೆ. ತಗೊಳ್ಳೋದಾ, ಇನ್ಶೂರೆನ್ಸ್‌ಗೆ ಹೋಗೋದಾ?

ತಮ್ಮಾ, ಇವತ್ತೇ ತಗೋಬೇಡಿ. ಯಾಕೆ ಅಂತ ನನ್ನದೇ ಕಥೆ ಹೇಳ್ತೀನಿ.

2021ರ ಜುಲೈ. ನನ್ನ ಗಾಡಿಗೆ ಆಗ ಒಂದೂವರೆ ತಿಂಗಳು. ಪೂಜೆ ದಿನ ಹಚ್ಚಿದ ಕುಂಕುಮ ಬಾಗಿಲ ಸಂದಿಯಲ್ಲಿ ಇನ್ನೂ ಹಾಗೇ ಇತ್ತು. ರಿಪ್ಪನ್‌ಪೇಟೆಯಲ್ಲಿ ನಿಲ್ಲಿಸಿದ್ದಾಗ ಕಾರೊಂದು ಗುದ್ದಿತು. ನೋಡಿದರೆ ಹಿಂದಿನ ಲೈಟ್ ಒಡೆದಿದೆ, ಮೂಲೆ ಸ್ವಲ್ಪ ಒಳಗೆ ಹೋಗಿದೆ, ಅಷ್ಟೇ. 5 ಸಾವಿರ ಇಸ್ಕೊಂಡು ಸುಮ್ಮನಾದೆ. ಮೂರನೇ ದಿನ ಅಡಿಕೆ ಚೀಲ ತುಂಬಿ ಹಿಂದಿನ ಡೋರ್ ಹಾಕಲು ಹೋದರೆ ಎಡಗಡೆ ಚಿಲಕ ಒಂದು ಬೆರಳು ಕೆಳಗೆ ನಿಂತಿದೆ. ಒಬ್ಬರು ಡೋರ್ ಎತ್ತಿ ಹಿಡಿಯಬೇಕು, ಇನ್ನೊಬ್ಬರು ಚಿಲಕಕ್ಕೆ ಹೊಡೆಯಬೇಕು. ಗ್ಯಾರೇಜಿನಲ್ಲಿ ಬಿಚ್ಚಿ ನೋಡಿದಾಗ ಬಾಡಿಯ ಮೂಲೆ ಕಂಬವೇ ಬಗ್ಗಿತ್ತು, ಬಾಡಿಯನ್ನು ಚಾಸಿಗೆ ಹಿಡಿದ ಬೋಲ್ಟ್ ಎಳೆದುಕೊಂಡಿತ್ತು. ಬಿಲ್ 19 ಸಾವಿರ. ಕಾರಿನವರು ಆಮೇಲೆ ಫೋನ್ ಎತ್ತಲಿಲ್ಲ. ಅವರ ಸಹಿ ಇರುವ ಒಂದು ಚೀಟಿಯೂ ನನ್ನ ಹತ್ತಿರ ಇರಲಿಲ್ಲ.

ಹಾಗಾಗಿ ಮೊದಲು ಶೋರೂಮ್ ಸರ್ವಿಸ್ ಸೆಂಟರ್‌ಗೆ ಒಯ್ದು, ಬಿಚ್ಚಿ ನೋಡಿಸಿ, ಎಸ್ಟಿಮೇಟ್ ಬರೆಸಿಕೊಳ್ಳಿ. ಹಿಂದಿನ ಡೋರ್ ನಾಲ್ಕೈದು ಸಲ ಹಾಕಿ ತೆಗೆದು ನೋಡಿ. ಬಾಡಿ ಮತ್ತು ಕ್ಯಾಬಿನ್ ನಡುವಿನ ಸಂದು ಎರಡೂ ಕಡೆ ಒಂದೇ ಸಮ ಇದೆಯಾ ಕೈಯಿಟ್ಟು ನೋಡಿ. ಘಾಟಿಯಲ್ಲಿ ಲೋಡ್ ಹಿಂದಕ್ಕೆ ಒತ್ತುವಾಗ ಆ ಚಿಲಕವೇ ಎಲ್ಲ ಭಾರ ಹಿಡಿಯುವುದು.

ಪೊಲೀಸ್ ಅಂದರೆ ಜಗಳ ಅಂತ ತಿಳಿಯಬೇಡಿ. ಬೇರೆಯವರ ಆಸ್ತಿಗೆ ಹಾನಿ ಆದರೆ ಗುದ್ದಿದ ಗಾಡಿಯ ಡ್ರೈವರೇ 24 ಗಂಟೆಯೊಳಗೆ ಠಾಣೆಗೆ ತಿಳಿಸಬೇಕು. ಮೋಟಾರು ವಾಹನ ಕಾಯ್ದೆಯ 134ನೇ ಸೆಕ್ಷನ್ ಇದನ್ನೇ ಹೇಳುತ್ತದೆ. ಶಿವಮೊಗ್ಗದಲ್ಲಿ ಪೂರ್ವ, ಪಶ್ಚಿಮ ಅಂತ ಎರಡು ಸಂಚಾರ ಠಾಣೆ ಇವೆ. ನಿಮ್ಮ ಜಾಗ ಯಾರಿಗೆ ಸೇರುತ್ತದೆ ಕೇಳಿಕೊಂಡು ಒಂದು ಅರ್ಜಿ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ. ಮಂಡಿ ಅಂಗಡಿಯವರ ಕ್ಯಾಮೆರಾ ಇದ್ದರೆ ಈಗಲೇ ವಿಡಿಯೊ ಕೇಳಿ, ಕೆಲವು ದಿನಕ್ಕೆ ಅದು ಅಳಿಸಿ ಹೋಗುತ್ತದೆ. ಕಾರಿನ ನಂಬರ್ ಎಂ-ಪರಿವಾಹನ್ ಆ್ಯಪ್‌ನಲ್ಲಿ ಹಾಕಿದರೆ ಅದರ ಇನ್ಶೂರೆನ್ಸ್ ಎಲ್ಲಿವರೆಗೆ ಇದೆ ಅಂತ ಕಾಣುತ್ತದೆ.

ಈಗ ನಿಮ್ಮ ಪಾಲಿಸಿ. ಹಳದಿ ಬೋರ್ಡ್ ಗಾಡಿಯವರು ತುಂಬ ಜನ ಎಡವುವುದು ಇಲ್ಲೇ. ಕೊಪ್ಪದಲ್ಲಿರುವ ನಮ್ಮ ಭಾವನವರ ಗಾಡಿಗೆ ಯಾರೋ ರಾತ್ರಿ ಗುದ್ದಿ ಹೋಗಿದ್ದರು. ಫುಲ್ ಇನ್ಶೂರೆನ್ಸ್ ಇದೆ ಅಂತ ಧೈರ್ಯವಾಗಿದ್ದರು. ಕ್ಲೇಮ್ ಬಂದಾಗ ಬಂಪರ್, ಲೈಟ್, ಮಡ್‌ಗಾರ್ಡ್, ಪೇಂಟ್ ಎಲ್ಲ ಕಡಿತ. ಕಮರ್ಷಿಯಲ್ ಗಾಡಿಗೆ ಈ ಭಾಗಗಳು ಸೇರಬೇಕಾದರೆ ಐಎಂಟಿ 23 ಅನ್ನುವ ಕವರ್ ಜಾಸ್ತಿ ದುಡ್ಡು ಕಟ್ಟಿ ಹಾಕಿಸಿರಬೇಕು. ಗಾಡಿ ಕೊಡುವಾಗ ಅವರಿಗೆ ಇದನ್ನು ಯಾರೂ ಹೇಳಿರಲಿಲ್ಲ. ನಿಮ್ಮ ಪಾಲಿಸಿ ಹಾಳೆ ತೆಗೆದು ಆ ನಂಬರ್ ಇದೆಯಾ ಹುಡುಕಿ. ಗಾಡಿ ಹೊಸದಾಗಿರುವುದು ನಿಮಗೆ ಒಳ್ಳೆಯದೇ. ಮಾಮೂಲಿ ಪಾಲಿಸಿಯಲ್ಲಿ ಆರು ತಿಂಗಳೊಳಗಿನ ಗಾಡಿಯ ಕಬ್ಬಿಣದ ಭಾಗಕ್ಕೆ ಸವಕಳಿ ಕಡಿತ, ಅಂದರೆ ಭಾಗ ಹಳೆಯದಾಯ್ತು ಅಂತ ದುಡ್ಡು ಕಮ್ಮಿ ಮಾಡುವುದು, ಇಲ್ಲ, ಗ್ಲಾಸ್‌ಗೂ ಇಲ್ಲ. ಪ್ಲಾಸ್ಟಿಕ್, ರಬ್ಬರ್‌ಗೆ ಅರ್ಧ ಹೋಗುತ್ತದೆ.

ಕ್ಲೇಮ್ ಮಾಡಿದರೆ ಬರುವ ವರ್ಷದ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಹೋಗುತ್ತದೆ. ಮೊದಲ ವರ್ಷಕ್ಕೆ ಅದು 20 ಪರ್ಸೆಂಟ್, ಅದೂ ಇಡೀ ಪ್ರೀಮಿಯಂ ಮೇಲಲ್ಲ, ನಮ್ಮ ಗಾಡಿಯ ಹಾನಿಗೆ ಕಟ್ಟುವ ಭಾಗದ ಮೇಲೆ ಮಾತ್ರ. ಆ ಭಾಗ 15 ಸಾವಿರ ಇದ್ದರೆ ಹೋಗುವುದು 3 ಸಾವಿರ. ಈ ಲೆಕ್ಕವನ್ನೂ ಕಾರಿನವರ ಮುಂದೆ ಇಡಿ.

ಕಾರಿನ ಥರ್ಡ್ ಪಾರ್ಟಿ ಇನ್ಶೂರೆನ್ಸ್‌ನಲ್ಲಿ ಬೇರೆಯವರ ಆಸ್ತಿ ಹಾನಿಗೆ ಸಾಮಾನ್ಯವಾಗಿ ಏಳೂವರೆ ಲಕ್ಷದವರೆಗೆ ಇರುತ್ತದೆ. ಆದರೆ ಅದಕ್ಕೆ ವಕೀಲರನ್ನು ಹಿಡಿದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗಬೇಕು. 2022ರ ಏಪ್ರಿಲ್‌ನಿಂದ ಬಂದಿರುವ ನಿಯಮದ ಪ್ರಕಾರ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ಸಾಗರದ ಪರಿಚಯದವರೊಬ್ಬರು ಹೋಗಿದ್ದಾರೆ. ಅವರ ಲಾರಿಯ ಚಾಸಿಯೇ ಬಗ್ಗಿ ಎರಡು ತಿಂಗಳು ಬಾಡಿಗೆ ಇರಲಿಲ್ಲ, ಅವರು ಹೋಗಿದ್ದು ಸರಿ. ಒಂದು ಮೂಲೆ ಡೆಂಟ್‌ಗೆ ಅಷ್ಟು ಅಲೆದಾಟ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಎಸ್ಟಿಮೇಟ್ 15 ಸಾವಿರದೊಳಗೆ ಇದ್ದರೆ ಕಾರಿನವರಿಂದಲೇ ಪೂರ್ತಿ ತಗೊಳ್ಳಿ, ನಾನಾದರೆ ಹಾಗೇ ಮಾಡ್ತೀನಿ. ಗಾಡಿ ನಿಲ್ಲುವ ದಿನದ ಬಾಡಿಗೆಯನ್ನೂ ಕೇಳಿ. ಅದು ನಿಮ್ಮ ಪಾಲಿಸಿಯಲ್ಲಿ ಬರುವುದಿಲ್ಲ. ದುಡ್ಡು ಅಕೌಂಟಿಗೆ ಬರಲಿ. ಎರಡೂ ಗಾಡಿ ನಂಬರ್, ತಾರೀಖು, ಜಾಗ ಬರೆದು ಇಬ್ಬರೂ ಸಹಿ ಹಾಕಿ. ಎಸ್ಟಿಮೇಟ್ 15 ಸಾವಿರಕ್ಕಿಂತ ಜಾಸ್ತಿ ಇದ್ದರೆ ಕ್ಲೇಮ್ ಮಾಡಿ. ಆಗ ಮಾತ್ರ ಕಾರಿನವರಿಗೆ "ಇನ್ನೇನೂ ಬಾಕಿ ಇಲ್ಲ" ಅಂತ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಇನ್ಶೂರೆನ್ಸ್ ಕಂಪನಿ ಅದನ್ನೇ ಹಿಡಿದು ತಕರಾರು ಮಾಡಬಹುದು. ಕಡಿತವಾದ ಭಾಗಕ್ಕೆ ಕಾರಿನವರಿಂದ ದುಡ್ಡು ತಗೊಳ್ಳುವುದಾದರೂ ಮೊದಲು ಕಂಪನಿಗೆ ತಿಳಿಸಿ.

ಕ್ಲೇಮ್ ಮಾಡುವುದಾದರೆ ಹಾನಿ ನೋಡಲು ಇನ್ಶೂರೆನ್ಸ್ ಕಂಪನಿ ಕಳಿಸುವ ಸರ್ವೇಯರ್ ಬಂದು ನೋಡುವ ತನಕ ಟಿಂಕರಿಂಗ್‌ಗೆ ಕೈ ಹಾಕಿಸಬೇಡಿ. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನಲ್ಲಿ ಅರ್ಧ ದಿನಕ್ಕೆ ಎಳೆದು ಕೊಡುವವರಿದ್ದಾರೆ, ಕೆಲಸವೂ ಚೆನ್ನಾಗಿರುತ್ತದೆ, ಆದರೆ ಆಮೇಲೆ ಸರ್ವೇಯರ್‌ಗೆ ತೋರಿಸಲು ಏನೂ ಉಳಿಯುವುದಿಲ್ಲ. ಕಾಯುವಷ್ಟು ದಿನ ಬಣ್ಣ ಎದ್ದ ಜಾಗವನ್ನು ಒಣಗಿದ ಬಟ್ಟೆಯಲ್ಲಿ ಒರೆಸಿ, ಪ್ಲಾಸ್ಟಿಕ್ ಹಾಳೆ ಇಟ್ಟು ಅಗಲದ ಟೇಪ್ ಹಚ್ಚಿ. ನಮ್ಮ ಮಳೆಗೆ ನನ್ನ ಗಾಡಿಯಲ್ಲಿ ಹತ್ತೇ ದಿನಕ್ಕೆ ಬಿರುಕಿನ ಅಂಚಿನಲ್ಲಿ ದಾರದಷ್ಟು ತುಕ್ಕಿನ ಗೆರೆ ಬಂದಿತ್ತು. ಮೇಲೆ ಬಣ್ಣ ಹೊಡೆದರೂ ಮುಂದಿನ ಮಳೆಗಾಲಕ್ಕೆ ಅದೇ ಜಾಗದಲ್ಲಿ ಗುಳ್ಳೆ ಎದ್ದಿತು. ತುಕ್ಕು ಪೂರ್ತಿ ಉಜ್ಜಿ ತೆಗೆದು, ಪ್ರೈಮರ್ ಹೊಡೆದ ಮೇಲೆಯೇ ಬಣ್ಣ ಹಾಕಿಸಿ. ಪ್ರೈಮರ್ ಹೊಡೆಯುವಾಗ ನೀವು ಅಲ್ಲೇ ನಿಂತಿರಿ.

ಸರ್ವೇಯರ್ ಬರುವ ದಿನವೂ ಅಷ್ಟೇ, ಬಾಡಿಗೆ ಬಿಟ್ಟು ಅಲ್ಲಿರಿ. ಆ ಚಿಲಕ ಹಾಕಿ ತೋರಿಸಿ. ಎಸ್ಟಿಮೇಟ್ ಎಷ್ಟು ಬಂತು, ಪಾಲಿಸಿಯಲ್ಲಿ ಐಎಂಟಿ 23 ಇತ್ತಾ, ಎರಡೂ ತಿಳಿಸಿ. ಕಾರಿನವರ ಜೊತೆ ಮಾತಾಡುವಾಗ ಜೊತೆಗೆ ಒಬ್ಬರು ಬೇಕಿದ್ದರೆ ಸೋಮವಾರ ನಾನು ಮಂಡಿಗೆ ಬರುವವನಿದ್ದೇನೆ, ಬರ್ತೀನಿ.