ಮಾಲ್ಡೀವ್ಸ್: ಇಮುಗಾ ಫಾರ್ಮ್ ದಿನಾಂಕ ತೆಗೆದುಕೊಳ್ಳುತ್ತಿಲ್ಲ, ಇನ್ನೊಂದು ಸೈಟ್ ದುಡ್ಡು ಕೇಳುತ್ತಿದೆ

ಕಡಲಹಕ್ಕಿ:
ಮಾಲೆ ವಿಮಾನಕ್ಕೆ ಇನ್ನೂ 12 ದಿನ ಇದೆ. ಇಮುಗಾದಲ್ಲಿ (ಮಾಲ್ಡೀವ್ಸ್ ಸರ್ಕಾರದ ಆನ್‌ಲೈನ್ ಪ್ರಯಾಣಿಕರ ಫಾರ್ಮ್) ಪ್ರಯಾಣದ ದಿನಾಂಕ ಹಾಕೋಕೆ ಆಗುತ್ತಿಲ್ಲ. ಹುಡುಕಿದಾಗ ಮೇಲೆ ಬಂದ ಬೇರೊಂದು ಸೈಟ್ ದಿನಾಂಕ ತೆಗೆದುಕೊಂಡಿತು, ಆದರೆ ತಲೆಗಿಷ್ಟು ಅಂತ ಶುಲ್ಕ ಕೇಳುತ್ತಿದೆ. ಕಟ್ಟಬೇಕಾ? ಜೊತೆಗೆ ಅಮ್ಮನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇದೆ, ಅವರ ಟಿಕೆಟ್ ಇನ್ನೂ ಮಾಡಿಸಿಲ್ಲ.

ಗಂಟುಮೂಟೆ:
ಒಂದು ಪೈಸೆಯನ್ನೂ ಕಟ್ಟಬೇಡಿ. ಇಮುಗಾ ಪೂರ್ತಿ ಉಚಿತ. ವಿಳಾಸದ ಕೊನೆಯಲ್ಲಿ ‘ಡಾಟ್ ಗವ್ ಡಾಟ್ ಎಂವಿ’ ಇದೆಯಾ ನೋಡಿ. ಇಲ್ಲದಿದ್ದರೆ ಅದು ದಲ್ಲಾಳಿ ಸೈಟ್. ನಿಮ್ಮ ಫಾರ್ಮ್‌ನಲ್ಲಿ ದೋಷ ಏನೂ ಇಲ್ಲ. ವಿಮಾನಕ್ಕೆ 96 ಗಂಟೆ ಉಳಿದ ಮೇಲಷ್ಟೇ ಅದನ್ನು ತುಂಬಬಹುದು, ಅಲ್ಲಿವರೆಗೆ ಸುಮ್ಮನಿರಿ. ವಾಪಸ್ ಬರುವಾಗ ಇನ್ನೊಂದು ತುಂಬಬೇಕು, ಅದನ್ನೇ ಬಹಳ ಜನ ಮರೆಯುತ್ತಾರೆ. ಫಾರ್ಮ್ ತುಂಬಿದ ಮೇಲೆ ಕ್ಯೂಆರ್ ಕೋಡ್ ಬರುತ್ತದೆ, ಮಕ್ಕಳಿಗೂ ಬೇರೆ ಬೇರೆ ಬೇಕು. ಚೆಕ್-ಇನ್ ಕೌಂಟರಿನಲ್ಲೇ ಕೇಳುತ್ತಾರೆ, ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಇದು ವೀಸಾ ಅಂದುಕೊಳ್ಳಬೇಡಿ, ಬರೀ ಪ್ರಯಾಣಿಕರ ಘೋಷಣೆ. ಪ್ರವಾಸಕ್ಕೆ ಹೋಗುವ ಭಾರತೀಯರಿಗೆ ಅಲ್ಲಿ ಇಳಿದ ಮೇಲೆ 90 ದಿನಗಳವರೆಗಿನ ಅನುಮತಿ ಉಚಿತವಾಗಿ ಸಿಗುತ್ತದೆ. ರಿಟರ್ನ್ ಟಿಕೆಟ್, ಉಳಿಯುವ ಜಾಗದ ಬುಕಿಂಗ್ ಎರಡನ್ನೂ ಪ್ರಿಂಟ್ ಇಟ್ಟುಕೊಳ್ಳಿ. ಆಧಾರ್, ವೋಟರ್ ಐಡಿ ಇಲ್ಲಿ ನಡೆಯಲ್ಲ; ಪಾಸ್‌ಪೋರ್ಟೇ ಬೇಕು.

ಕಡಲಹಕ್ಕಿ:
ಪಾಸ್‌ಪೋರ್ಟ್ ಫೋಟೋ ಹಾಕುವಾಗ ತೊಂದರೆ ಬರುತ್ತಾ? ಅಮ್ಮನ ಹೆಸರಿನ ಕಥೆ?

ಮೂರನೇಗೇಟ್:
ಫೋಟೋದಲ್ಲಿ ಹೆಸರು-ವಿವರ ಇರುವ ಪುಟದ ತಳಭಾಗದ, ಯಂತ್ರ ಓದುವ ಎರಡು ಸಾಲುಗಳು (ಒಂದೊಂದರಲ್ಲೂ 44 ಅಕ್ಷರ) ಪೂರ್ತಿ ಬರಬೇಕು. ಬೆರಳು ಅಡ್ಡ ಬಂದರೆ, ಲ್ಯಾಮಿನೇಷನ್ ಮೇಲೆ ಟ್ಯೂಬ್‌ಲೈಟ್ ಹೊಳೆದರೆ ಯಂತ್ರಕ್ಕೆ ಓದಲಾಗಲ್ಲ. ಫ್ಲ್ಯಾಷ್ ಆರಿಸಿ, ಹಗಲಲ್ಲಿ ಕಿಟಕಿ ಪಕ್ಕ ಮೇಜಿನ ಮೇಲಿಟ್ಟು ನೇರ ಮೇಲಿಂದ ತೆಗೆಯಿರಿ. ಸಂಖ್ಯೆ ಕೈಯಲ್ಲಿ ಹೊಡೆಯುವಾಗ ಸೊನ್ನೆಗೆ ‘ಓ’ ಬೀಳುವುದು ಮಾಮೂಲಿ ತಪ್ಪು. ನಮ್ಮ ಪಾಸ್‌ಪೋರ್ಟಿನಲ್ಲಿ ಮೊದಲದ್ದು ಒಂದು ಅಕ್ಷರ, ಉಳಿದ ಏಳೂ ಅಂಕಿ.

ಸರ್‌ನೇಮ್ ವಿಷಯ ಟಿಕೆಟ್‌ನಲ್ಲೇ ಕುತ್ತಿಗೆಗೆ ಬರುತ್ತದೆ. ಬುಕಿಂಗ್ ಪುಟ ಕೊನೆಯ ಹೆಸರು ಬೇಕೇ ಬೇಕು ಅನ್ನುತ್ತದೆ ಅಂತ ಪಾಸ್‌ಪೋರ್ಟಿನಲ್ಲಿಲ್ಲದ ಅಪ್ಪನ ಹೆಸರೋ ಗಂಡನ ಹೆಸರೋ ತುರುಕಬೇಡಿ. ಕೆಲವು ವಿಮಾನ ಸಂಸ್ಥೆಗಳು ಹೆಸರನ್ನೇ ಎರಡು ಸಲ ಹಾಕಿ ಅನ್ನುತ್ತವೆ, ಕೆಲವು ‘ಎಫ್‌ಎನ್‌ಯು’ (ಮೊದಲ ಹೆಸರು ಗೊತ್ತಿಲ್ಲ ಅನ್ನುವುದರ ಇಂಗ್ಲಿಷ್ ಗುರುತು) ಹಾಕಿಸುತ್ತವೆ. ದುಡ್ಡು ಕಟ್ಟುವ ಮುಂಚೆ ಅವರನ್ನೇ ಕೇಳಿ. ಆಮೇಲೆ ತಿದ್ದಿಸುವುದು ರಗಳೆ. ಇಮುಗಾದಲ್ಲಿ ಮಾತ್ರ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆಯೇ ಇರಲಿ.

ಗಂಟುಮೂಟೆ:
ಬ್ಯಾಗಿನ ಬಗ್ಗೆ ಒಂದು ಮಾತು. ಮದ್ಯ ಒಯ್ಯುವ ಹಾಗಿಲ್ಲ, ಡ್ಯೂಟಿ ಫ್ರೀಯಲ್ಲಿ ಕೊಂಡ ಸೀಲ್ ಬಾಟಲಿಯೂ ಸೇರಿ. ಪೂಜೆಯ ವಿಗ್ರಹಗಳಿಗೂ ನಿಷೇಧ ಇದೆ, ಅಮ್ಮನ ಪೂಜೆ ಡಬ್ಬಿ ಒಮ್ಮೆ ತೆಗೆದು ನೋಡಿ. ವೇಪ್‌ಗೆ (ಇ-ಸಿಗರೇಟ್) 2024ರ ನವೆಂಬರ್ 15ರಿಂದ ತಡೆ.

ಕಡಲಹಕ್ಕಿ:
ಡಬ್ಬಿಯಲ್ಲಿ ಪುಟ್ಟ ಗಣಪತಿ ಇತ್ತು. ಮನೆಯಲ್ಲೇ ಬಿಟ್ಟೆವು.