ಸಹಾಯ ಬೇಕು: ಕ್ಯೂ ಪಕ್ಕ ಯು ಇಲ್ಲದ ಇಂಗ್ಲಿಷ್ ಪದಗಳು
ಪುಣೆ ಕನ್ನಡಿಗರೇ, ಕೋಥ್ರೂಡ್‌ನ ನಮ್ಮ ಸೊಸೈಟಿ ಮಕ್ಕಳಿಗೆ ಸ್ಕ್ರ್ಯಾಬಲ್ (ಅಕ್ಷರದ ಬಿಲ್ಲೆ ಜೋಡಿಸಿ ಪದ ಕಟ್ಟುವ ಆಟ) ಆಡಿಸುತ್ತಿದ್ದೇನೆ. ಕ್ಯೂ ಅಕ್ಷರಕ್ಕೆ 10 ಅಂಕ. ಆದರೆ ಕೈಯಲ್ಲಿ ಯು ಇಲ್ಲದಿದ್ದರೆ ಎಲ್ಲರೂ ತಲೆ ಕೆರೆದುಕೊಳ್ಳುತ್ತಾರೆ. ಅದಕ್ಕೇ ಯು ಬೇಡದ ಪದಗಳನ್ನು ಹುಡುಕುತ್ತಿದ್ದೇನೆ.

'ಚೀ' ಅಂದರೆ ಚೀನೀಯರು ಹೇಳುವ ಪ್ರಾಣಶಕ್ತಿ. ಕ್ಯೂ, ಐ ಎರಡೇ ಅಕ್ಷರ. 'ಕೋಫ್' ಒಂದು ಹೀಬ್ರೂ ಅಕ್ಷರ. 'ಕಾಟ್' ಯೆಮೆನ್‌ನಲ್ಲಿ ಅಮಲಿಗೆ ಜಗಿಯುವ ಎಲೆ (ಮಕ್ಕಳಿಗೆ ಸುಮ್ನೆ ಗಿಡ ಎಂದಿದ್ದೇನೆ). ನನಗೆ ಜಾಸ್ತಿ ಇಷ್ಟವಾದದ್ದು 'ಕನಾತ್', ಇರಾನಿನ ಕಡೆಯ ನೆಲದಡಿಯ ನೀರಿನ ಸುರಂಗ. ಸಾಲಾಗಿ ಬಾವಿ ತೋಡಿ, ಇಳಿಜಾರಿನಲ್ಲಿ ನೀರು ತಾನಾಗಿ ಹರಿಯುವಂತೆ ಮಾಡುತ್ತಾರೆ. ನಮ್ಮ ಬೀದರಿನ ನೌಬಾದಿನಲ್ಲೂ ಇದೆ ಅಲ್ವಾ, ಕರೇಜ್ ಅಂತ?

ಇಂಥವು ಇನ್ನೂ ಗೊತ್ತಿದ್ದರೆ ಅರ್ಥದ ಜೊತೆ ಕಳಿಸಿ. ಊರಿನ ಹೆಸರು ಬೇಡ, ಆಟದಲ್ಲಿ ನಡೆಯುವುದಿಲ್ಲ. ಶನಿವಾರದೊಳಗೆ ಸಿಕ್ಕರೆ ಒಳ್ಳೆಯದು.