ಪೆಟ್ರೋಲ್ ಫೋರ್ಕ್‌ಲಿಫ್ಟಿಗೆ ಡೀಸೆಲ್ ಇಂಜಿನ್ ಕೂರಿಸಬಹುದಾ?

ಪ್ರಶ್ನೆ (ಮರದ ಮಿಲ್ಲು, ಪೆರ್ಲ):
ಅಣ್ಣ, ನಮ್ಮಲ್ಲಿ ಹಳೆಯ ಟೊಯೋಟಾ ಫೋರ್ಕ್‌ಲಿಫ್ಟ್ ಒಂದುಂಟು. ಎರಡೂವರೆ ಟನ್ನಿನದ್ದು, ಪೆಟ್ರೋಲ್, ಕ್ಲಚ್ಚಿನ ಗಾಡಿ. ತಗಡಿನಲ್ಲಿ ಎಫ್‌ಜಿ25 ಅಂತ ಬರೆದದ್ದು ಕಾಣ್ತದೆ, ಇಂಜಿನ್ 4ವೈ. ದಿನಕ್ಕೆ ಮೀಟರಿನಲ್ಲಿ 3 ಗಂಟೆ ಓಡಿದರೆ ಹೆಚ್ಚು, ಅಷ್ಟಕ್ಕೇ 14 ಲೀಟರ್ ಪೆಟ್ರೋಲ್ ಬೇಕು. ರಬ್ಬರ್ ಮರದ ದಿಮ್ಮಿ ಎತ್ತಿಕೊಂಡು ಯಾರ್ಡಿನ ಏರು ಹತ್ತುವಾಗ ದಮ್ಮು ಕಟ್ಟಿದವರ ಹಾಗೆ ಮಾಡ್ತದೆ. ಪಿಕಪ್ಪಿನ ಡೀಸೆಲ್ ಇಂಜಿನ್ ಗುಜರಿಯಲ್ಲಿ ನೋಡಿ ಇಟ್ಟಿದ್ದೇನೆ. ನಮ್ಮ ಲೇತಿನವ "ಪ್ಲೇಟ್ ಮಾಡಿ ಕೂರಿಸುವ, ಎರಡು ದಿನದ ಕೆಲಸ" ಅಂತಾನೆ. ಕೂರಿಸಬಹುದಾ? ಎಂತೆಲ್ಲ ನೋಡಬೇಕು?

ಉತ್ತರ (ಫೋರ್ಕ್‌ಲಿಫ್ಟ್ ಮೆಕ್ಯಾನಿಕ್, ಕುಂಬಳೆ):
ಕೂರಿಸಬಹುದು ಭಟ್ರೇ. ಎರಡು ದಿನದಲ್ಲಿ ಇಂಜಿನ್ ಕೂರಬಹುದು, ಗಾಡಿ ಕೆಲಸಕ್ಕೆ ಬರಲಿಕ್ಕೆ ಎರಡು ತಿಂಗಳು ಹೋದದ್ದನ್ನು ನಾನು ನೋಡಿದ್ದೇನೆ.

ಮೊದಲು ಗವರ್ನರಿನ (ಇಂಜಿನಿನ ಸ್ಪೀಡು ಹಿಡಿದಿಡುವ ಭಾಗ) ಸಂಗತಿ, ಯಾಕೆಂದರೆ ಅದನ್ನು ಯಾರೂ ಕೇಳುವುದಿಲ್ಲ. ರಸ್ತೆ ಗಾಡಿಯ ಡೀಸೆಲ್ ಪಂಪಿನಲ್ಲಿ ಅನೇಕ ಸಲ ಗವರ್ನರ್ ಎರಡೇ ಕಡೆ ಕಾವಲು ನಿಲ್ಲುವುದು. ಕೆಳಗೆ ಐಡ್ಲಿಂಗ್, ಮೇಲೆ ಗರಿಷ್ಠ ಸ್ಪೀಡು. ನಡುವಿನದ್ದೆಲ್ಲ ಡ್ರೈವರನ ಕಾಲಿಗೆ ಬಿಟ್ಟದ್ದು. ಫೋರ್ಕ್‌ಲಿಫ್ಟಿಗೆ ಅದು ಸಾಲದು. ಲಿವರ್ ಎಳೆದ ಕೂಡಲೇ ಹೈಡ್ರಾಲಿಕ್ ಪಂಪು ಇಂಜಿನಿನ ಕುತ್ತಿಗೆ ಹಿಡಿಯುತ್ತದೆ, ಆಗ ಕಾಲು ಅಲ್ಲಾಡಿಸದಿದ್ದರೂ ಡೀಸೆಲ್ ತಾನಾಗಿ ಏರಬೇಕು. ಅದಕ್ಕೆ ಎಲ್ಲ ಸ್ಪೀಡಿನಲ್ಲೂ ಹಿಡಿಯುವ ಗವರ್ನರ್ ಬೇಕು. ಕಂಪೆನಿಯಿಂದ ಡೀಸೆಲ್ ಆಗಿಯೇ ಬಂದ ಫೋರ್ಕ್‌ಲಿಫ್ಟಿನಲ್ಲಿ ಅದು ಇದ್ದೇ ಇರ್ತದೆ.

ನಾನು ಕಂಡ ಒಂದು ಗಾಡಿಗೆ ಪಿಕಪ್ಪಿನ ಇಂಜಿನ್ ಹಾಕಿದ್ದರು. ಗ್ರಾನೈಟ್ ಎತ್ತುವ ಜಾಗ. ಲಿವರ್ ಎಳೆದರೆ ಇಂಜಿನ್ ಗುಟುಕ್ ಗುಟುಕ್ ಮಾಡಿ ಬಂದ್. ಬಂದ್ ಆಗದಿರಲಿ ಅಂತ ಓಡಿಸುವ ಹುಡುಗ ಎಕ್ಸಲೇಟರ್ ಅರ್ಧ ಒತ್ತಿಕೊಂಡೇ ಕೂರುವುದು ಕಲಿತ. ಒಂದು ದಿನ ಹಾಗೆಯೇ ಕ್ಲಚ್ ಬಿಟ್ಟ, ಗಾಡಿ ಮುಂದೆ ಹಾರಿತು, ಎತ್ತಿದ ಸ್ಲ್ಯಾಬು ಎರಡು ತುಂಡು. ಪುಣ್ಯಕ್ಕೆ ಎದುರು ಜನ ಇರಲಿಲ್ಲ. ಹುಡುಗನಿಗೆ ಬೈದರು. ನನ್ನನ್ನು ಕೇಳಿದರೆ ಹುಡುಗನದ್ದು ತಪ್ಪಲ್ಲ.

ಎರಡನೆಯದು ಲೇತಿನವರ ಪ್ಲೇಟು. ಇಂಜಿನಿಗೂ ಕ್ಲಚ್ ಹೌಸಿಂಗಿಗೂ ನಡುವೆ 12 ಎಂಎಂ ಪ್ಲೇಟ್ ಹಾಕಿದರೆ ಇಂಜಿನ್ ಅಷ್ಟೇ ಹಿಂದೆ ಹೋಯ್ತಲ್ಲ. ಗೇರ್‌ಬಾಕ್ಸಿನ ಶಾಫ್ಟಿನ ತುದಿ ಕ್ರ್ಯಾಂಕಿನ ತುದಿಯಲ್ಲಿರುವ ಪೈಲಟ್ ಬೇರಿಂಗಿನಲ್ಲಿ ಪೂರ್ತಿ ಕೂರುವುದಿಲ್ಲ, ಬರೀ ತುಟಿಗೆ ತಾಗಿ ನಿಲ್ಲುತ್ತದೆ. ಬೋಲ್ಟಿನ ತೂತು ಸರಿಯಾದರೆ ಸಾಲದು, ಕ್ರ್ಯಾಂಕಿನ ನಡುವೂ ಶಾಫ್ಟಿನ ನಡುವೂ ಒಂದೇ ಗೆರೆಗೆ ಬರಬೇಕು. ಡಯಲ್ ಗೇಜ್ ಇಟ್ಟು ತಿರುಗಿಸಿ ನೋಡದೆ "ಕಣ್ಣಂದಾಜಿಗೆ ಸರಿ ಉಂಟು" ಅಂದರೆ ಕ್ಲಚ್ ಪ್ಲೇಟಿನ ನಡು ಕಿತ್ತು ಬರುವುದು ಖಂಡಿತ.

ಮತ್ತೆ ಹೈಡ್ರಾಲಿಕ್ ಪಂಪು ಎಲ್ಲಿಂದ ತಿರುಗುತ್ತದೆ ನೋಡಿಕೊಳ್ಳಿ. ಅದು ಎಷ್ಟು ಸುತ್ತು ತಿರುಗುತ್ತದೋ ಅಷ್ಟೇ ಎಣ್ಣೆ. ಪೆಟ್ರೋಲಿನಲ್ಲಿ 2800 ಸುತ್ತು ಇದ್ದದ್ದು ಡೀಸೆಲಿನಲ್ಲಿ 2400 ಆದರೆ, 6 ಸೆಕೆಂಡಿಗೆ ಏರುತ್ತಿದ್ದ ಫೋರ್ಕಿಗೆ 7 ಸೆಕೆಂಡು ಬೇಕು. ಇದೇನು ದೊಡ್ಡ ತೊಂದರೆ ಅಲ್ಲ, ಆಮೇಲೆ "ಎತ್ತುವುದು ನಿಧಾನ ಆಯ್ತು" ಅಂತ ಫೋನು ಬಾರದಿರಲಿ ಅಂತ ಹೇಳಿದೆ.

ಬ್ರೇಕ್ ಮಾತ್ರ ಮರೆಯಬೇಡಿ. ಇಂಟೇಕ್ ಮ್ಯಾನಿಫೋಲ್ಡಿನಿಂದ ಬ್ರೇಕಿನ ಬೂಸ್ಟರಿಗೆ ದಪ್ಪ ಹೋಸ್ ಹೋಗಿದೆಯಾ ನೋಡಿ. ಹೋಗಿದ್ದರೆ ನಿಮ್ಮ ಬ್ರೇಕು ಪೆಟ್ರೋಲ್ ಇಂಜಿನಿನ ವ್ಯಾಕ್ಯೂಮಿನಲ್ಲಿ ಕೆಲಸ ಮಾಡುವುದು. ಡೀಸೆಲ್ ಮ್ಯಾನಿಫೋಲ್ಡಿನಲ್ಲಿ ಆ ಎಳೆತ ಇರುವುದಿಲ್ಲ, ಬೇರೆ ವ್ಯಾಕ್ಯೂಮ್ ಪಂಪು ಬೇಕು. ಆಲ್ಟರ್ನೇಟರಿನ ಬೆನ್ನಿಗೆ ಪಂಪು ಇರುವ ಇಂಜಿನ್ ಸಿಕ್ಕಿದರೆ ಸುಲಭ. ಇಲ್ಲದಿದ್ದರೆ ಏರಿನಿಂದ ಇಳಿಯುವಾಗ ಪೆಡಲು ಕಲ್ಲು.

ಪ್ರತಿಕ್ರಿಯೆ (ಟೈಲ್ಸ್ ಅಂಗಡಿ, ಹೊಸಂಗಡಿ):
ಫ್ಯಾನಿನ ವಿಷಯ ಬಿಟ್ಟಿರಿ ಅಣ್ಣ. ನಮ್ಮದಕ್ಕೆ ಬೇರೆ ಇಂಜಿನ್ ಹಾಕಿದಾಗ ಅದರ ಫ್ಯಾನೇ ಹಾಕಿದ್ದೆವು. ಅರ್ಧ ಗಂಟೆಯಲ್ಲಿ ಕಾದು ಕೆಂಡ, ಬಿಸಿಗಾಳಿ ಪೂರಾ ಸೀಟಿನ ಅಡಿಗೆ. ಓಡಿಸುವವ ಗೋಣಿ ಹಾಸಿ ಕೂತಿದ್ದ.

ಉತ್ತರ:
ಹೌದು ಮಾರಾಯ್ರೆ, ಒಳ್ಳೆಯದಾಯ್ತು ಹೇಳಿದ್ದು. ಕಾರು, ಪಿಕಪ್ಪಿನ ಫ್ಯಾನ್ ರೇಡಿಯೇಟರಿನ ಮೂಲಕ ಗಾಳಿಯನ್ನು ಇಂಜಿನ್ ಕಡೆಗೆ ಎಳೆಯುವುದು. ಫೋರ್ಕ್‌ಲಿಫ್ಟಿನದ್ದು ಉಲ್ಟಾ. ರೇಡಿಯೇಟರ್ ಹಿಂದೆ ಕೌಂಟರ್‌ವೇಟಿನ (ಹೊರೆಗೆ ಸಮ ತೂಗುವ ಹಿಂದಿನ ಭಾರದ) ಹತ್ತಿರ ಇರ್ತದೆ, ಫ್ಯಾನ್ ಗಾಳಿಯನ್ನು ಇಂಜಿನ್ ಕಡೆಯಿಂದ ಹೊರಗೆ ದೂಡುತ್ತದೆ. ಅದಕ್ಕೆ ಎಸಳೇ ಬೇರೆ, ಫ್ಯಾನನ್ನು ತಿರುಗಿಸಿ ಹಾಕಿದರೆ ಆಯ್ತು ಅಂತಲ್ಲ. ಭಟ್ರೇ, ನಿಮ್ಮದು ಮರದ ಹುಡಿಯ ಜಾಗ. ರೇಡಿಯೇಟರಿನ ಒಳಮೈಯಲ್ಲಿ ಹುಡಿ ಎಣ್ಣೆಯೊಂದಿಗೆ ಸೇರಿ ರೊಟ್ಟಿ ಕಟ್ಟಿರ್ತದೆ. ಹಿಂದಿನಿಂದ ಒಳಕ್ಕೆ ಗಾಳಿ ಹೊಡೆದು ಬಿಡಿಸಬೇಕು. ಇಂಜಿನ್ ಯಾವುದೇ ಇರಲಿ, ಇದು ವಾರಕ್ಕೊಮ್ಮೆ.

ಪ್ರಶ್ನೆ (ಮರದ ಮಿಲ್ಲು, ಪೆರ್ಲ):
ಮನೆಯಲ್ಲಿ ಹಳೆಯ ಟ್ರಾಕ್ಟರಿನ ಇಂಜಿನ್ ಉಂಟು. ಅದರ ಗವರ್ನರ್ ಆಗ್ಬಹುದಲ್ಲ? ಭಾರ ಇದ್ದಷ್ಟು ಒಳ್ಳೆಯದೇ, ಹಿಂದೆ ತೂಕ ಹೆಚ್ಚಾದರೆ ಮೂರು ಟನ್ ಎತ್ತಬಹುದು ಅಂತ ಲೇತಿನವ ಹೇಳಿದ.

ಉತ್ತರ:
ಗವರ್ನರ್ ಆಗ್ಬಹುದು, ಇಂಜಿನ್ ಆಗ್ಲಿಕ್ಕಿಲ್ಲ. ಹೆಚ್ಚಿನ ಟ್ರಾಕ್ಟರಿನಲ್ಲಿ ಇಂಜಿನೇ ಗಾಡಿಯ ಬೆನ್ನೆಲುಬು. ಅಡಿಯ ಆಯಿಲ್ ಸಂಪು ಬೀಡುಕಬ್ಬಿಣದ್ದು, ರಬ್ಬರ್ ಮೌಂಟಿಂಗಿಗೆ ಕಿವಿಯೇ ಇಲ್ಲ. ನಿಮ್ಮ ಸೀಟಿನ ಅಡಿ ಅಷ್ಟು ಜಾಗವೂ ಇಲ್ಲ.

ಮೂರು ಟನ್ನಿನ ಮಾತು ಅಲ್ಲಿಗೇ ಬಿಡಿ. ನಿಮ್ಮ ತಗಡಿನಲ್ಲಿ 2500 ಕೆಜಿ ಅಂತ ಬರೆದದ್ದು 500 ಎಂಎಂ ದೂರಕ್ಕೆ, ಅಂದರೆ ಫೋರ್ಕಿನ ಬೆನ್ನಿನಿಂದ ಹೊರೆಯ ನಡುವಿನವರೆಗೆ. ಮಾಸ್ಟು (ಫೋರ್ಕ್ ಏರಿಳಿಯುವ ಕಂಬ), ಚೈನು, ಎದುರಿನ ಆಕ್ಸಲು ಎಲ್ಲ ಆ ಲೆಕ್ಕಕ್ಕೇ ಮಾಡಿದ್ದು. ಹಿಂದೆ ಭಾರ ಹಾಕಿದರೆ ಚೈನು ದಪ್ಪ ಆಗ್ತದಾ? ಇಂಜಿನಿಗೆ ಜಾಗ ಸಾಲದು ಅಂತ ಕೌಂಟರ್‌ವೇಟಿಗೂ ಕೈ ಹಾಕಬೇಡಿ, ಕೊರೆಯುವುದೂ ಬೇಡ, ಸರಿಸುವುದೂ ಬೇಡ.

ಡೀಸೆಲೇ ಬೇಕು ಅಂತಿದ್ದರೆ ದಾರಿ ಒಂದುಂಟು. ನಿಮ್ಮದು ಎಫ್‌ಜಿ, ಇದೇ ಅಳತೆಯ ಡೀಸೆಲ್ ಗಾಡಿಗೆ ಟೊಯೋಟಾದವರು ಎಫ್‌ಡಿ ಅಂತ ಹೆಸರಿಟ್ಟದ್ದು. ಮಂಗಳೂರಿನ ಬೈಕಂಪಾಡಿ ಕಡೆ ಮಾಸ್ಟ್ ಬಗ್ಗಿ ಮೂಲೆಗೆ ಬಿದ್ದ ಎಫ್‌ಡಿ25 ಸಿಗ್ತದಾ ವಿಚಾರಿಸಿ, ನಿಮ್ಮದೇ ತಲೆಮಾರಿನದ್ದು, ಕ್ಲಚ್ಚಿನದ್ದೇ. 1ಡಿಝಡ್ ಇಂಜಿನ್ ಇದ್ದರೆ ಒಳ್ಳೆಯದು, 2486 ಸಿಸಿ, ನಿಮ್ಮ 4ವೈ 2237. ಇಂಜಿನ್ ಒಂದನ್ನೇ ತರಬೇಡಿ, ಸಂಸಾರ ಸಮೇತ ತನ್ನಿ: ಕ್ಲಚ್ ಹೌಸಿಂಗ್, ಫ್ಲೈವೀಲ್, ಮೌಂಟಿಂಗ್, ರೇಡಿಯೇಟರ್, ಫ್ಯಾನ್, ಏರ್ ಕ್ಲೀನರ್, ಸೈಲೆನ್ಸರ್, ಕೀ ತಿರುಗಿಸಿದರೆ ಡೀಸೆಲ್ ಕಟ್ ಮಾಡುವ ಸೊಲೆನಾಯ್ಡ್, ವಯರಿಂಗ್. ಟ್ಯಾಂಕಿಗೆ ರಿಟರ್ನ್ ಲೈನ್ ಬೇಕು, ಹಳೆಯ ಪೆಟ್ರೋಲಿನ ಗೋಂದು ತೊಳೆಯಬೇಕು, ನೀರು ಬೇರೆ ಮಾಡುವ ಫಿಲ್ಟರ್ ಬೇಕು. ಬ್ಯಾಟರಿ ದೊಡ್ಡದು. ಮುಚ್ಚಿದ ಶೆಡ್ಡಿನ ಒಳಗೆ ಓಡಿಸುವುದಾದರೆ ಹೊಗೆಯನ್ನೂ ಯೋಚಿಸಿ. ಗಾಡಿಗೆ ಆರ್‌ಸಿ ಇದ್ದರೆ ಇಂಜಿನ್ ಬದಲಿಸುವ ಮೊದಲು ಆರ್‌ಟಿಒ ಒಪ್ಪಿಗೆ ಬೇಕು.

ಇಷ್ಟೆಲ್ಲ ಹೇಳಿ ಈಗ ನನ್ನ ಅಭಿಪ್ರಾಯ. ನಿಮ್ಮ ಪೆಟ್ರೋಲ್ ಇಂಜಿನಿಗೆ ಕಾಯಿಲೆ ಉಂಟು. ಗಂಟೆಗೆ ಸುಮಾರು ನಾಲ್ಕೂಮುಕ್ಕಾಲು ಲೀಟರ್ ನಿಮ್ಮ ಕೆಲಸಕ್ಕೆ ಜಾಸ್ತಿ, ಅದರ ಮೇಲೆ ದಮ್ಮು ಬೇರೆ ಇಲ್ಲ. ನಾಲ್ಕೂ ಪ್ಲಗ್ ಬಿಚ್ಚಿ ಕಂಪ್ರೆಶನ್ (ಸಿಲಿಂಡರಿನ ಒಳಗಿನ ಒತ್ತಡ) ಗೇಜಿನಲ್ಲಿ ನೋಡಿಸಿ. 12 ಕೆಜಿ ಆಸುಪಾಸು ಇದ್ದರೆ ಆರೋಗ್ಯ, 9ಕ್ಕಿಂತ ಕೆಳಗೆ ಇಳಿದರೆ ಕೆಲಸ ಉಂಟು. ಯಾವುದಾದರೂ ಇಳಿದಿದ್ದರೆ ಅದಕ್ಕೆ ಒಂದು ಚಮಚ ಇಂಜಿನ್ ಆಯಿಲ್ ಹಾಕಿ ಮತ್ತೊಮ್ಮೆ ನೋಡಿ. ಹ್ಯಾಂಡ್‌ಬ್ರೇಕ್ ಹಿಡಿದುಕೊಂಡೇ ಓಡುತ್ತಿದೆಯಾ ಅಂತಲೂ ನೋಡಿ. ಮತ್ತೆ ತಪ್ಪು ತಿಳಿಯಬೇಡಿ, ಟ್ಯಾಂಕಿಗೊಂದು ಬೀಗ ಹಾಕಿ ಒಂದು ವಾರ ಲೆಕ್ಕ ಬರೆಯಿರಿ. ಡೀಸೆಲ್ ಯಾರ ಬೈಕಿಗೂ ಆಗುವುದಿಲ್ಲ, ಪೆಟ್ರೋಲ್ ಎಲ್ಲರ ಬೈಕಿಗೂ ಆಗ್ತದೆ.

ಪ್ರಶ್ನೆ (ಮರದ ಮಿಲ್ಲು, ಪೆರ್ಲ, ಹತ್ತು ದಿನದ ನಂತರ):
ಬೀಗ ಹಾಕಿದ ಮೇಲೆ 14 ಇದ್ದದ್ದು 12 ಆಯ್ತು. ಯಾರು ಅಂತ ಕೇಳಲಿಕ್ಕೆ ಹೋಗಲಿಲ್ಲ. ಕಂಪ್ರೆಶನ್ ನೋಡಿಸಿದೆ: 11, 11, 6, 10.5. ಮೂರನೆಯದಕ್ಕೆ ಆಯಿಲ್ ಹಾಕಿದರೂ 6ರಿಂದ ಅಲ್ಲಾಡಲಿಲ್ಲ. ಬೈಕಂಪಾಡಿಯಲ್ಲಿ ಎಫ್‌ಡಿ ಒಂದು ಉಂಟಂತೆ, ಅಡ್ವಾನ್ಸ್ ಕೇಳ್ತಿದ್ದಾರೆ.

ಉತ್ತರ:
ಅಡ್ವಾನ್ಸ್ ಕೊಡಬೇಡಿ. ಆಯಿಲ್ ಹಾಕಿ ಏರಿದ್ದರೆ ರಿಂಗು ಸವೆದದ್ದು ಅಂತ ಲೆಕ್ಕ. ಏರಲಿಲ್ಲ, ಹಾಗಾಗಿ ಮೂರನೆಯದರ ವಾಲ್ವು ಸುಟ್ಟಿರಬೇಕು. ವಾಲ್ವ್ ಸಿಕ್ಕಿಕೊಂಡು ತೆರೆದೇ ನಿಂತಿದೆಯಾ ಅಂತ ಮೊದಲು ನೋಡಿಸಿ, ಹೆಡ್ಡಿನ ಮೇಲಿನ ಕವರ್ ಬಿಚ್ಚಿದರೆ ಗೊತ್ತಾಗ್ತದೆ. ಅಲ್ಲಿ ಸರಿ ಇದ್ದರೆ ಹೆಡ್ ಇಳಿಸಿ. ಇಳಿಸಿದ ಮೇಲೆ ಮೂರನೆಯ ಸಿಲಿಂಡರಿನ ಗೋಡೆಗೆ ಉಗುರು ಹಾಕಿ ಎಳೆದು ನೋಡಿ, ಫೋಟೋ ಇಲ್ಲಿಗೆ ಹಾಕಿ. ಉಗುರಿಗೆ ಸಿಕ್ಕುವ ಗೀರು ಇದ್ದರೆ ಆ ಎಫ್‌ಡಿಯ ಬಗ್ಗೆ ಮಾತಾಡುವ.